ಎಡಗಡೆಯ ಗೋಡೆ

ಮದುವೆಯಾದ ಮಾರನೆಯ ದಿನ ನನ್ನ ಗಂಡ ಕಂಡಕ್ಟರಾಗಿದ್ದ ಬಸ್ಸಿನಲ್ಲೇ ಗಂಡನ ಮನೆಗೆ ಹೊರಟೆ. ಡ್ರೈವರನ್ನು ಮೊದಲು ನೋಡಿದ್ದು ಅಂದು. ನಿಜ ಹೇಳಬೇಕೆಂದರೆ ನೋಡಿದ್ದು ಅವರ ಮೀಸೆಯನ್ನು, ಅದೂ ಕನ್ನಡಿಯಲ್ಲಿ. ಬಸ್ಸು ಹಿಂದಕ್ಕೆ ಹೋಗುತ್ತಿತ್ತು, ಅವರು ಮೀಸೆ ತಿರುವುತ್ತಿದ್ದರು. ನನ್ನ ಗಂಡ ಎಡಗಡೆಯ ಬಾಗಿಲಲ್ಲಿ ಜೋತುಬಿದ್ದು, "ಬರ್ಲಿ, ಬರ್ಲಿ, ಇನ್ನೂ ಬರ್ಲಿ, ಸಾಕು" ಎಂದು ಕೂಗಿ ಸೀಟಿ ಊದಿದರು. ಬಸ್ಸು ನಿಂತಿತು.

"ನೋಡಿದ್ರಾ ಅತ್ತಿಗೆ, ಗೋಡೆಗೆ ಒಂದೇ ಗೇಣು ಬಿಟ್ಟು ನಿಲ್ಸಿದೀನಿ," ಎಂದರು ಡ್ರೈವರು.

ನಿವೃತ್ತರಾಗುವ ತನಕ ಅವರ ಬಸ್ಸು ಎಲ್ಲಿಗೂ ತಗಲಲಿಲ್ಲ. ಬೀಳ್ಕೊಡುಗೆಯ ದಿನ ದೊಡ್ಡವರೆಲ್ಲ ಎದ್ದು ನಿಂತು ಅವರ ಕಣ್ಣನ್ನು ಹೊಗಳಿದರು. ಅವರ ಎಡಗಣ್ಣಾಗಿದ್ದ ನನ್ನ ಗಂಡ ಪಕ್ಕದ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ಡ್ರೈವರು ಒಂದು ಹಳೆಯ ಬಸ್ಸು ಕೊಂಡು ಅದನ್ನು ಮನೆ ಮಾಡಿದರು. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ. ಹೊರಗೆ ತಾವೇ ಬಳಿದ ಹಸಿರು ಬಣ್ಣ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಊರಿನವರನ್ನೆಲ್ಲ ಎಲ್ಲೆಲ್ಲಿಗೋ ಮುಟ್ಟಿಸಿದ ಗಂಡ ಅಕ್ಕನನ್ನು ಸಂತೆಯ ನಿಲ್ದಾಣದಿಂದ ಆಚೆ ಕರೆದುಕೊಂಡು ಹೋದವರಲ್ಲ. ಸಮುದ್ರ ನೋಡಬೇಕೆಂಬುದು ಅಕ್ಕನ ಆಸೆ. ಕಿಟಕಿಗೆಲ್ಲ ಹೂವಿನ ಪರದೆ ಹೊಲಿದು ಕಾಯುತ್ತಿದ್ದಳು.

ಅವರದು ನಮ್ಮ ಪಕ್ಕದ ಮನೆ. ಅವರ ಅಂಗಳದಿಂದ ಬೀದಿಗೆ ಬರುವಾಗ ಎಡಕ್ಕೆ ನನ್ನ ಮನೆಯ ಕಾಂಪೌಂಡ್ ಗೋಡೆ ಇದೆ. ಮೊದಲ ದಿನವೇ ಗಾಡಿ ಅದನ್ನು ಕೆರೆಯಿತು. ಎರಡನೆಯ ಸಲ ಗೋಡೆಯ ಮೂಲೆ ಉದುರಿತು.

"ಈ ಗೋಡೆ ಮೊದ್ಲು ಇಷ್ಟು ಮುಂದಿರ್ಲಿಲ್ಲ ಅತ್ತಿಗೆ. ಯಾವಾಗ ಸರಿಸಿ ಕಟ್ಟಿಸಿದ್ರಿ?"

"ಗೋಡೆ ಕಟ್ಟಿದಾಗ ಇಟ್ಟಿಗೆ ಹೊತ್ತವ್ರು ನೀವೇ," ಎಂದೆ.

ಅಕ್ಕ ಬಾಗಿಲಲ್ಲೇ ನಿಂತು ಹೇಳಿದಳು. "ರೀ, ಇನ್ನೊಂದ್ಸಲ ತಗಲಿದ್ರೆ ನಾನು ಈ ಗಾಡಿ ಹತ್ತಲ್ಲ. ಪರದೆ ಬಿಚ್ಕೊಂಡು ರೈಲಲ್ಲಿ ಹೋಗ್ತೀನಿ."

ಡ್ರೈವರು ಕನ್ನಡಿ ತರತೊಡಗಿದರು. ಉದ್ದನೆಯದು, ದುಂಡನೆಯದು, ಬಾಗಿಲಿಗೊಂದು, ಮೂಲೆಗೊಂದು. ಬೀದಿಯವರು ಗಾಡಿಯನ್ನು ಕ್ಷೌರದಂಗಡಿ ಎಂದು ಕರೆದರು. ಹಿಂದೆ ಕ್ಯಾಮೆರಾವನ್ನೂ ಹಾಕಿಸಿದರು. ಏನಾದರೂ ಹತ್ತಿರ ಬಂದರೆ ಅದು ಕೀಂ ಕೀಂ ಎನ್ನುತ್ತಿತ್ತು. "ನಂಗೇ ಹೇಳಿಕೊಡೋಕೆ ಬಂತು," ಎಂದು ಅದರ ಸ್ಕ್ರೀನಿನ ಮೇಲೆ ಟವೆಲ್ ಹಾಕಿದರು. ಕೊನೆಗೆ ಅಕ್ಕನ ಕೈಗೆ ಕೊಡಲು ನನ್ನ ಗಂಡನ ಸೀಟಿ ಕೇಳಿಕೊಂಡು ಬಂದರು. ಕೊಟ್ಟೆ. ಅಕ್ಕ ಅದನ್ನು ಮುಟ್ಟಲೂ ಇಲ್ಲ.

"ಮನೆ ಅಂದ್ರಿ, ಕಾಲು ಚಾಚ್ಕೊಂಡು ಕೂತ್ಕೋ ಅಂದ್ರಿ. ಈಗ ಬಾಗಿಲಲ್ಲಿ ನೇತಾಡ್ತಾ ಸೀಟಿ ಊದಬೇಕಾ?"

ನಾನು ಹೇಳಿದೆ, "ಡ್ರೈವರಪ್ಪ, ನೀವು ಇಳಿದು ಎಡಗಡೆ ಬಾಗಿಲ ಹತ್ರ ನಿಂತ್ಕೊಳ್ಳಿ. ನಾನು ನಿಮ್ಮ ಜಾಗದಲ್ಲಿ ಕೂತು ನೋಡ್ತೀನಿ."

"ನೀವಾ? ನೋಡಿ ಏನ್ ಮಾಡ್ತೀರಿ?"

"ನೀವು ಕಾಣ್ತೀರೋ ಇಲ್ವೋ ಹೇಳ್ತೀನಿ."

ಅವರು ನನಗಿಂತ ಎತ್ತರ. ಕಂಬಳಿ ಮಡಚಿ ಕೆಳಗೆ ಹಾಕಿಕೊಂಡೆ. ನನ್ನ ಕಣ್ಣು ಅವರ ಕಣ್ಣಿನ ಮಟ್ಟಕ್ಕೆ ಬರುವ ತನಕ ಮಡಚಿದೆ. ಆಮೇಲೆ ಒಂದೊಂದೇ ಕನ್ನಡಿ ನೋಡಿದೆ. ಎಡಗಡೆಯ ದೊಡ್ಡ ಕನ್ನಡಿಯ ತುಂಬ ಹಸಿರು ಬಣ್ಣ. ಅವರು ಬಳಿದದ್ದು ಅವರಿಗೆ ಚೆನ್ನಾಗಿ ಕಾಣಲೆಂದು ತಿರುಗಿಸಿಟ್ಟಂತಿತ್ತು. ಒಳಗಿನವುಗಳಲ್ಲಿ ಡ್ರೈವರ ಜಾಗದಲ್ಲಿ ಕೂತವರದೇ ಮುಖ. ಎಡಗಿಟಕಿಯಲ್ಲಿ ಅಕ್ಕನ ಪರದೆ, ಸಕ್ಕರೆ ಡಬ್ಬ. ಉಳಿದ ಜಾಗಕ್ಕೆ ಕನ್ನಡಿಗಳೇ ಅಡ್ಡ.

"ಕಾಣ್ತಿದೀನಾ?" ಎಂದು ಕೂಗಿದರು.

"ಇಲ್ಲ."

"ಮೀಸೆನೂ ಕಾಣ್ತಿಲ್ವಾ?"

"ಮೀಸೆನೂ ಇಲ್ಲ."

ಗೋಡೆ ಉದುರಿದಾಗ ಬಾಡದ ಮುಖ ಈಗ ಬಾಡಿತು. ತಾವೇ ಸ್ಪ್ಯಾನರ್ ತಂದರು. ದೊಡ್ಡ ಕನ್ನಡಿಯನ್ನು ಹೊರಕ್ಕೆ ತಿರುಗಿಸುತ್ತ ಹೋದರು. ಗಾಡಿಯ ಮೈ ಬೆರಳಗಲ ಉಳಿದು, ಮಿಕ್ಕದ್ದೆಲ್ಲ ಗೋಡೆ, ಬೀದಿ ಆದಾಗ ಸಾಕು ಎಂದೆ. ಅದರ ಕೆಳಗೆ ಒಂದು ಉಬ್ಬುಗನ್ನಡಿಯನ್ನು ನೆಲದ ಕಡೆ ಬಗ್ಗಿಸಿದ ಮೇಲೆ ಮೊದಲು ಅವರ ಚಪ್ಪಲಿ, ಆಮೇಲೆ ಮೀಸೆ ಕಂಡಿತು. ಬಲಗಡೆಗೂ ಹಾಗೆಯೇ ಮಾಡಿದರು. ಉಳಿದ ಕನ್ನಡಿಗಳನ್ನು ಬಿಚ್ಚಿದರು, ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಅಕ್ಕ ಪರದೆ ಸರಿಸಿ ಕಟ್ಟಿ, ಡಬ್ಬ ಕೆಳಗಿಟ್ಟಳು. "ಎಡಕ್ಕೆ ಕತ್ತು ತಿರುಗಿಸಿದ್ರೆ ನಾನೂ ಕಾಣ್ತೀನಿ, ನೋಡಿ," ಎಂದಳು.

ಹೊರಡುವ ದಿನ ಅಕ್ಕ ಹತ್ತಿದಳು, ಆದರೆ ಚಪ್ಪಲಿ ಬಿಡಲಿಲ್ಲ, ಕೈಚೀಲ ತೊಡೆಯ ಮೇಲೆಯೇ ಇತ್ತು. ಗೋಡೆ ದಾಟಿದ ಮೇಲೆ ನೋಡೋಣ ಎಂದಿದ್ದಳು. ಡ್ರೈವರು ಕನ್ನಡಿ ನೋಡಿದರು, ಮುಂದಕ್ಕೆ ಬಾಗಿ ಮತ್ತೆ ನೋಡಿದರು, ಕತ್ತು ತಿರುಗಿಸಿದರು. ಮೀಸೆಗೆ ಕೈ ಹೋಗಲಿಲ್ಲ. ಗಾಡಿ ಇಂಚಿಂಚೇ ಸರಿದು ಬೀದಿಗೆ ಬಂತು. ಗೋಡೆಯ ಸುಣ್ಣವೂ ಉದುರಲಿಲ್ಲ. ಕಿಟಕಿಯಲ್ಲಿ ಅಕ್ಕ ಕೈಚೀಲ ಮೊಳೆಗೆ ನೇತುಹಾಕುವುದು ಕಂಡಿತು.

ಅಕ್ಕನಿಗೆ ಸಮುದ್ರ ಹಿಡಿಸಿತಂತೆ. ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡು ಉಳಿದುಬಿಟ್ಟರು. ಹಾಗಾಗಿ ಡ್ರೈವರು ನನ್ನನ್ನು ಗೋಡೆಯ ಬಗ್ಗೆ ಕೊನೆಯದಾಗಿ ಕೇಳಿದ್ದು ಹೊರಟ ಆ ದಿನವೇ. ಬೀದಿಯಲ್ಲಿ ಗಾಡಿ ನಿಲ್ಲಿಸಿ ಇಳಿದು ಬಂದರು. ಗೋಡೆಯನ್ನು ಉದ್ದಕ್ಕೂ ಸವರಿ ನೋಡಿದರು. ಅಕ್ಕನಿಗೆ ಕೇಳದ ಹಾಗೆ ನನ್ನ ಹತ್ತಿರ ಬಗ್ಗಿ,

"ನಿಜ ಹೇಳಿ ಅತ್ತಿಗೆ, ಗೋಡೆ ಸ್ವಲ್ಪ ಹಿಂದಕ್ಕೆ ಸರಿಸಿ ಕಟ್ಟಿಸಿದ್ರಾ?" ಎಂದರು.