ಬಿಸಿ ಬಂತು, ಸರೀರಿ

ಹೈದರಾಬಾದಿನ ತಾರ್ನಾಕದ ನಮ್ಮ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ನಡುವೆ ಒಂದು ಓಣಿಯಿದೆ. ಮನೆ ಕಟ್ಟಿದವರ ನಕ್ಷೆಯಲ್ಲಿ ಅದು ಅಗಲವಾದ ದಾರಿಯೇ ಆಗಿದ್ದೀತು. ಆದರೆ ಅಪ್ಪ ಬಲು ಆಸೆಪಟ್ಟು ತಂದ ದೊಡ್ಡ ಫ್ರಿಜ್ಜು ಅಡುಗೆಮನೆಯ ಬಾಗಿಲಲ್ಲಿ ಹಿಡಿಸದೆ ಅಲ್ಲೇ ಠಿಕಾಣಿ ಹೂಡಿದ್ದರಿಂದ, ಈಗ ಅಲ್ಲಿ ಒಬ್ಬರು ಸಲೀಸಾಗಿ, ಇಬ್ಬರು ಮೈ ಹಿಡಿಮಾಡಿಕೊಂಡು ಹಾಯಬಹುದು. ಅದಕ್ಕೆಂದೇ ಅವ್ವ ಒಂದು ಕಾಯಿದೆ ಮಾಡಿದ್ದಾಳೆ. ಒಲೆಯಿಂದ ಸಾರಿನ ಪಾತ್ರೆ ಇಳಿಸಿ ಹೊರಟಳೆಂದರೆ "ಬಿಸಿ ಬಂತು, ಸರೀರಿ!" ಎಂದು ಕೂಗುತ್ತಾಳೆ. ಓಣಿಯಲ್ಲಿ ಯಾರೇ ಇರಲಿ, ಫ್ರಿಜ್ಜಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಅವಳು ಗೋಡೆಗುಂಟ ಹೋಗುತ್ತಾಳೆ. ಯಾಕೆ, ಏನು ಎಂದು ಕೇಳುವುದಿದ್ದರೆ ಊಟವಾದ ಮೇಲೆ ಕೇಳಬೇಕು.

ನನ್ನ ಗಂಡ ಮೈಸೂರಿನ ಕಡೆಯವರು, ಸೌಜನ್ಯ ತುಸು ಜಾಸ್ತಿ. ಮದುವೆಯಾದ ಹೊಸತರಲ್ಲಿ ಈ ಕೂಗು ಕೇಳಿ, ಅತ್ತೆಗೆ ದಾರಿ ಬಿಡಲೆಂದು ಗೋಡೆಯತ್ತ ಸರಿದರು. ಅಳಿಯನಿಗೆ ದಾರಿ ಬಿಡಲೆಂದು ಅವ್ವ ತಾನೇ ಮಾಡಿದ ಕಾಯಿದೆ ಮುರಿದು ಫ್ರಿಜ್ಜಿನತ್ತ ತಿರುಗಿದಳು. ಅದನ್ನು ಕಂಡು ಇವರೂ ಅತ್ತಲೇ ವಾಲಿದರು. "ನೀವು ಬನ್ನಿ ಅತ್ತೆ", "ಇಲ್ರಿ, ನೀವು ಬರ್ರಿ" ಎಂಬ ಉಪಚಾರ ಮುಗಿಯುವುದರೊಳಗೆ ಸಾರು ನೆಲದ ಪಾಲಾಗಿತ್ತು. ಅಂದು ನಾವು ಮಜ್ಜಿಗೆ ಅನ್ನ ಉಂಡೆವು.

ಈ ಓಣಿಯ ಪುರಾಣ ಯಾಕೆಂದರೆ, ನಾನು ವಿಮಾನ ನಡೆಸುವವಳು. ಅಷ್ಟು ವಿಶಾಲವಾದ ಆಕಾಶದಲ್ಲಿ ಎದುರುಬದುರಾಗುವ ಪ್ರಸಂಗವೆಲ್ಲಿ ಎಂದು ನೀವು ಕೇಳಬಹುದು. ಆದರೆ ಹೋಗುವವರಿಗೂ ಬರುವವರಿಗೂ ಊರು ಒಂದೇ ತಾನೇ. ಊರು ಹತ್ತಿರವಾದಂತೆ ಆಕಾಶವೂ ಓಣಿಯಾಗುತ್ತದೆ. ನೆಲದ ಮೇಲೆ ಕುಳಿತವರು ರೇಡಿಯೋದಲ್ಲಿ ನಮಗೆಲ್ಲ ದಾರಿ ಹಂಚಿಕೊಡುತ್ತಾರೆ. ಅದರ ಮೇಲೂ ಎರಡು ವಿಮಾನಗಳು ತೀರ ಸಮೀಪಿಸಿದರೆ ಎಚ್ಚರಿಸಲು ಪ್ರತಿ ವಿಮಾನದಲ್ಲೂ ಒಂದು ಯಂತ್ರವಿದೆ. ಎರಡೂ ಯಂತ್ರಗಳು ಕಣ್ಣೆವೆಯಿಕ್ಕುವಷ್ಟರಲ್ಲಿ ತಮ್ಮತಮ್ಮೊಳಗೇ ಮಾತಾಡಿ, ನಾನು ಮೇಲೆ, ನೀನು ಕೆಳಗೆ ಎಂದು ಪಾಲು ಮಾಡಿಕೊಂಡು, ನಮಗೆ ಅಪ್ಪಣೆ ಕೊಡುತ್ತವೆ. ಆಮೇಲೆ ಉಪಚಾರಕ್ಕೆ ಎಡೆಯಿಲ್ಲ. ನೆಲದಿಂದ ಬೇರೆ ಆದೇಶ ಬಂದರೂ ಯಂತ್ರದ ಮಾತೇ ನಡೆಯಬೇಕು. ಅದೂ ಹೇಳಿದಷ್ಟೇ, ಗಾಬರಿಯಲ್ಲಿ ನಾಲ್ಕು ಮಾರು ಹೆಚ್ಚು ಏರಿದರೆ ಮೇಲೆ ಹೊರಟ ಮತ್ತೊಬ್ಬರ ಓಣಿಗೆ ನುಗ್ಗಿದಂತೆ.

ಹೋದ ಜನವರಿಯ ಒಂದು ಮಧ್ಯಾಹ್ನ ನಾವು ಹೈದರಾಬಾದಿಗೆ ಇಳಿಯುತ್ತಿದ್ದೆವು. ವಿಮಾನ ನನ್ನ ಕೈಯಲ್ಲಿತ್ತು, ಪಕ್ಕದಲ್ಲಿ ಕ್ಯಾಪ್ಟನ್ ಇದ್ದರು. ಸಂಜೆ ಅವ್ವನನ್ನು ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ವಸ್ತುಪ್ರದರ್ಶನ, ನುಮಾಯಿಷ್‌ಗೆ ಕರೆದೊಯ್ಯುವುದಿತ್ತು. 'ಟ್ರಾಫಿಕ್, ಟ್ರಾಫಿಕ್' ಎಂದಿತು ಯಂತ್ರ, ಹತ್ತಿರದಲ್ಲೇ ಇನ್ನೊಂದು ವಿಮಾನವಿದೆ ಎಂದು. ಮರುಗಳಿಗೆಯಲ್ಲೇ 'ಕ್ಲೈಂಬ್, ಕ್ಲೈಂಬ್'. ಇಳಿಯುತ್ತಿರುವವಳಿಗೆ ಏರು ಎಂಬ ಅಪ್ಪಣೆ! ಆದರೂ ಆಟೋಪೈಲಟ್ ತೆಗೆದು ಮೂತಿಯನ್ನು ಮೆಲ್ಲಗೆ ಮೇಲೆತ್ತಿದೆ. ಕ್ಯಾಪ್ಟನ್ ಸಂಗತಿಯನ್ನು ನೆಲಕ್ಕೆ ತಿಳಿಸಿದರು. ಸ್ವಲ್ಪ ಹೊತ್ತಿಗೆ ಯಂತ್ರ, ಅಡ್ಡಿ ಕಳೆಯಿತು ಎಂದು ಹೇಳಿ ಸುಮ್ಮನಾಯಿತು. ಹಿಂದೆ ಕುಳಿತವರಲ್ಲಿ ಯಾರ ನಿದ್ದೆಯೂ ಕೆಟ್ಟಿರಲಾರದು. ಅಷ್ಟು ಹತ್ತಿರ ಬಂದದ್ದು ಹೇಗೆಂದು ನೋಡುವವರು ಬೇರೆ ಇದ್ದಾರೆ. ನನ್ನ ಪಾಲಿನ ಕೆಲಸ ಅಲ್ಲಿಗೆ ಮುಗಿದಿತ್ತು.

ಮುಗಿದಿತ್ತು ಎಂದುಕೊಂಡಿದ್ದೆ. ನುಮಾಯಿಷ್‌ನ ಗದ್ದಲದಲ್ಲಿ ಅವ್ವ, ಮಿರ್ಚಿ ಬಜ್ಜಿಯ ಪೊಟ್ಟಣ ಹಿಡಿದುಕೊಂಡೇ ಕೇಳಿದಳು: "ಪಮ್ಮಿ, ಬಂದಾಗಿಂದ ನನ್ನ ರಟ್ಟಿ ಬಿಟ್ಟೇ ಇಲ್ಲಲ್ಲ, ಏನಾಗೇತಿ?" ಹೇಳಿಬಿಟ್ಟೆ. ಯಂತ್ರದ ಗುಣಗಾನವನ್ನೂ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವಳು ಅಂದಳು: "ನೀ ಅದರ ಮಾತು ಕೇಳ್ತಿ, ಖರೇ. ಆ ಕಡಿಯಂವ ಕೇಳ್ತಾನಂತ ಯಾರು ಹೇಳಬೇಕು? ಸಾಕು ಬಿಡವ್ವ. ನೆಲದ ಮ್ಯಾಲ ಕುಂತು ಹಾರೂದು ಕಲಿಸೂ ಕೆಲಸರ ಹಿಡಿ."

ಅವಳು ಅಂದದ್ದು ನಿಜ ನೋಡಿ: ನಾನು ಏರಿದ್ದು ಅರ್ಧ ಕೆಲಸ, ಆತ ಇಳಿದದ್ದು ಇನ್ನರ್ಧ. ಆತನೋ, ಆಕೆಯೋ, ಅದೂ ನನಗೆ ತಿಳಿಯದು. ಮುಖ ಕಾಣದ, ಹೆಸರು ಗೊತ್ತಿಲ್ಲದ ಒಂದು ಜೀವ ತನಗೆ ಹೇಳಿದ್ದನ್ನು ಮಾಡಿಯೇ ಮಾಡುತ್ತದೆ ಎಂಬ ನೆಚ್ಚಿಕೆಗೆ ತಾಯಿಯ ಮುಂದೆ ಏನು ಪುರಾವೆ ಕೊಡಲಿ?

ನಮ್ಮಲ್ಲಿ ಹೊರಟವರು 'ಬರ್ತೀನಿ' ಅನ್ನುತ್ತಾರೆ, ಮನೆಯಲ್ಲಿ ಉಳಿದವರು 'ಹೋಗಿ ಬಾ' ಅನ್ನುತ್ತಾರೆ. ನಾನು ಹಾರಲು ಕಲಿತಂದಿನಿಂದ ಅವ್ವ ಮೆಟ್ಟಿಲ ತನಕ ಬಂದು ಆ ಮಾತು ಹೇಳದೆ ಕಳಿಸಿದ್ದಿಲ್ಲ. ನುಮಾಯಿಷ್‌ನ ಮಾರನೆಯ ದಿನ ನಾನು 'ಬರ್ತೀನಿ' ಅಂದೆ. ಅವಳು ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗುತ್ತ ಕುಳಿತಳು. ಆಮೇಲೂ ಹಾಗೆಯೇ. ವಿಮಾನಕ್ಕೇನೂ ಆಗಲಿಲ್ಲ, ಅದಕ್ಕೆ ಅವ್ವನ ಮಾತು ಬೇಕಿಲ್ಲ. ಬೇಕಿದ್ದುದು ನನಗೆ. ಟ್ಯಾಕ್ಸಿಯಲ್ಲಿ ಕುಳಿತು ಅತ್ತಿದ್ದೇನೆ. ಇವಳು ಹೀಗೇ ಬಾಯಿ ಮುಚ್ಚಿಕೊಂಡರೆ ಕೆಲಸ ಬಿಟ್ಟೇಬಿಡುತ್ತೇನೇನೋ ಎಂದು ಹೆದರಿದ್ದೇನೆ.

ಹೀಗಿರುವಾಗ ಒಂದು ಮುಂಜಾನೆ, ತಾರಸಿಯಿಂದ ಒಣಗಿದ ಬಟ್ಟೆಗಳನ್ನೆಲ್ಲ ಎದೆಯಿಂದ ಮೂಗಿನ ತನಕ ಹೇರಿಕೊಂಡು ಓಣಿಗೆ ಬಂದೆ. ಎದುರಿನದು ಏನೂ ಕಾಣುತ್ತಿರಲಿಲ್ಲ. "ಬಿಸಿ ಬಂತು, ಸರೀರಿ!" ಬೆನ್ನು ತಾನಾಗಿ ಫ್ರಿಜ್ಜಿಗೆ ಹತ್ತಿತು. ಸಾರಿನ ಘಮ ಗೋಡೆಗುಂಟ ದಾಟಿಹೋಯಿತು.

ಪಾತ್ರೆ ಕೆಳಗಿಡುವ ಸದ್ದಾಯಿತು, ಆದರೆ ಅವ್ವ ತಿರುಗಿ ಬರಲಿಲ್ಲ. ಬಟ್ಟೆ ಇಳಿಸಿ ನೋಡಿದರೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಣಿಯನ್ನೇ ನೋಡುತ್ತ ನಿಂತಿದ್ದಳು.

"ಓಣ್ಯಾಗ ಯಾರದಾರ, ಸರಿದಾರೋ ಇಲ್ಲೋ, ನಾ ನೋಡೇ ಇಲ್ಲ ಪಮ್ಮಿ," ಅಂದಳು. "ಯಾವತ್ತೂ ನೋಡಿಲ್ಲ. ಕೂಗತೀನಿ, ಹೊಂಟಬಿಡ್ತೀನಿ."

ಉಂಡು, ಸಮವಸ್ತ್ರ ತೊಟ್ಟು, ಚೀಲ ಎತ್ತಿಕೊಂಡು, ಆಸೆಯಿಟ್ಟುಕೊಳ್ಳಬಾರದೆಂದು ಮನಸ್ಸಿಗೆ ಬುದ್ಧಿ ಹೇಳುತ್ತಲೇ "ಬರ್ತೀನಿ ಅವ್ವಾ" ಅಂದೆ. ಅವಳು ಅಡುಗೆಮನೆಯಿಂದ ಎದ್ದು, ಆ ಓಣಿಯನ್ನು ಹಾಯ್ದು, ಮೆಟ್ಟಿಲ ತನಕ ಬಂದಳು.

"ಹೋಗಿ ಬಾ," ಅಂದಳು. ನಾನು ನಾಲ್ಕು ಮೆಟ್ಟಿಲು ಇಳಿದ ಮೇಲೆ, ನನಗೆ ಕೇಳಲೆಂದೋ ಬೇಡವೆಂದೋ, ಮೆಲ್ಲಗೆ ಸೇರಿಸಿದಳು: "ಆ ಕಡಿಯಂವನೂ ಹೋಗಿ ಬರಲಿ."