ಮೂರು ಚುಟುಕು ಸೀಟಿ

ಇವತ್ತು ಬೆಳಿಗ್ಗೆ ಆ ಹಿತ್ತಾಳೆ ಸೀಟಿಯನ್ನು ಬಾಯಿಗಿಟ್ಟುಕೊಂಡೆ. ಹೊಗೆಸೊಪ್ಪಿನ ಘಾಟು ನೇರ ನೆತ್ತಿಗೇರಿತು. ಎರಡು ಸಲ ಸೋಪು ಹಾಕಿ ತೊಳೆದಿದ್ದೆ, ಆದರೂ ಹೋಗಿಲ್ಲ. ಊದುವುದನ್ನು ಬಿಟ್ಟು ಬೀದಿ ನಡುವೆ ಹಾಗೇ ನಿಂತುಬಿಟ್ಟೆ…

ಜನ್ನಾಪುರದ ನಮ್ಮ ಬೀದಿಗೆ ನೀರು ಬಿಡುತ್ತಿದ್ದವರ ಸೀಟಿ ಅದು. ಬಾಯಲ್ಲಿ ಸದಾ ಹೊಗೆಸೊಪ್ಪು ಇರುತ್ತಿದ್ದ ಅವರು ನಮಗೆಲ್ಲ ನೀರಣ್ಣ. ಒಂದು ಉದ್ದ ಊದಿದರೆ ನೀರು ಬಂತು ಎಂದರ್ಥ. ಮೂರು ಚುಟುಕು ಊದಿದರೆ ಎಲ್ಲರೂ ನಲ್ಲಿ ಮುಚ್ಚಬೇಕು. ಆಮೇಲೆ ಅವರು ಕಬ್ಬಿಣದ ಸರಳೊಂದನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ನೆಲದಡಿಯ ಪೈಪು ಎಲ್ಲಿ ಒಡೆದಿದೆ ಎಂದು ಅವರು ಪತ್ತೆ ಹಚ್ಚುತ್ತಿದ್ದುದು ಹಾಗೆ. ಚಿಕ್ಕವಳಿದ್ದಾಗ ಅದನ್ನು ನೋಡಿ ನನಗೆ ನಗುವೋ ನಗು.

ಕಾಲೇಜಿನ ಕೊನೆಯ ವರ್ಷ ಶಿವಮೊಗ್ಗದಲ್ಲಿ ಸ್ಪರ್ಧೆಯೊಂದು ಪ್ರಕಟವಾಯಿತು. ಬಂದರುಗಳಿಗೆ, ನೀರು ಸರಬರಾಜಿಗೆ ಪರಿಸರ ಕೆಡಿಸದ ಹೊಸ ತಂತ್ರಜ್ಞಾನ ಬೇಕಂತೆ. ನಮ್ಮೂರ ಭದ್ರಾ ಹೊಳೆಗೆ ಹಡಗು ಬರುವುದು ಅಷ್ಟರಲ್ಲೇ ಇದೆ, ಹಾಗಾಗಿ ನಾನು ನೀರನ್ನು ಆರಿಸಿಕೊಂಡೆ. ನೀರು ಸೋರಿದಷ್ಟೂ ಪಂಪು ಸುಮ್ಮನೆ ಓಡುತ್ತದೆ, ಕರೆಂಟು ದಂಡ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಊಟದ ಡಬ್ಬಿಯೊಳಗೆ ನನ್ನ ಯಂತ್ರ ಸಿದ್ಧವಾಯಿತು. ಪೈಪಿನ ಸದ್ದು ಕೇಳಿ, ಸೋರುವ ಜಾಗ ಬಂದೊಡನೆ ಕೆಂಪು ದೀಪ ಹೊತ್ತಿಸುವ ಯಂತ್ರ! ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತೀರ್ಪುಗಾರರು ಶನಿವಾರ ನಮ್ಮ ಬೀದಿಗೇ ಬಂದು ಪರೀಕ್ಷಿಸುವವರಿದ್ದರು. ಗುರುವಾರ ಒಂದು ಕಡೆ ದೀಪ ಹೊತ್ತಿತು. ಹಠ ಹಿಡಿದು ನೀರಣ್ಣನ ಕೈಯಲ್ಲಿ ಅಗೆಸಿದೆ. ಸೊಂಟದಾಳದ ಗುಂಡಿ ತೋಡಿದರೂ ಬರೀ ಒಣಮಣ್ಣು.

“ಏನ್ ಮಾರಾಯ್ತಿ, ಎದುರುಮನೆ ಅಜ್ಜಿ ಕೊಡ ತುಂಬ್ಸೋ ಸದ್ದಿಗೇ ನಿನ್ ಡಬ್ಬಿ ದೀಪ ಹಾಕ್ತಲ್ಲ!” ಎಂದು ನಕ್ಕರು. ನಾನು ಅತ್ತೇಬಿಟ್ಟೆ. ಶನಿವಾರವೂ ತಪ್ಪು ಜಾಗ ತೋರಿಸಿದರೆ ಅಲ್ಲಿಗೆ ಎಲ್ಲ ಮುಗಿದಂತೆ.

“ಅಳ್ಬೇಡ. ಅದಕ್ಕೆ ಕಿವಿ ಚೆನ್ನಾಗೇ ಇದೆ. ಮೊದ್ಲು ಬೀದಿ ಸುಮ್ಮನಾಗ್ಬೇಕು, ಆಮೇಲೆ ಪೈಪ್ ಮಾತಾಡ್ತದೆ. ಶನಿವಾರ ನಾನೂ ಬರ್ತೀನಿ.”

ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಮೂರು ಚುಟುಕು ಊದಿದರು. ಒಂದೊಂದೇ ಮನೆಯ ನಲ್ಲಿ ಕಿರ್ರೆಂದು ಮುಚ್ಚಿಕೊಂಡಿತು. ಡಬ್ಬಿ ಹಿಡಿದು ನಡೆದೆ. ಟೈಲರ್ ಅಂಗಡಿಯ ಮುಂದೆ ಕೆಂಪು ದೀಪ! ನೀರಣ್ಣ ಅಲ್ಲೇ ಸರಳು ಊರಿ, ಕೇಳಿ, ಹೌದೆಂದು ತಲೆಯಾಡಿಸಿದರು. ಅಗೆದಾಗ ಚಿಮ್ಮಿದ ನೀರು ತೀರ್ಪುಗಾರರೊಬ್ಬರ ಕನ್ನಡಕವನ್ನೂ ಬಿಡಲಿಲ್ಲ. ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು. ನನಗಿಂತ ಜಾಸ್ತಿ ಕುಣಿದವರು ನೀರಣ್ಣ.

ಬಹುಮಾನ ಬಂತು. ಆದರೆ ಶಿವಮೊಗ್ಗದ ವೇದಿಕೆಯ ಮೇಲೆ ನಾನು ಸೀಟಿಯ ವಿಷಯ ಎತ್ತಲೇ ಇಲ್ಲ. ನನ್ನ ಯಂತ್ರ ಸಣ್ಣದಾಗಿ ಕಂಡೀತೆಂದು ಹೆದರಿದೆ. ನೀರಣ್ಣ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದರು… ಅದು ಇವತ್ತಿಗೂ ಚುಚ್ಚುತ್ತದೆ.

ಹೋದ ವರ್ಷ ನೀರಣ್ಣ ತೀರಿಕೊಂಡರು. ಅವರ ಹೆಂಡತಿ ಸೀಟಿಯನ್ನು ತಂದು ನನ್ನ ಕೈಗಿಟ್ಟರು. ಈಗ ಇನ್ನೂ ದೊಡ್ಡ ಸ್ಪರ್ಧೆ, ಸುಧಾರಿಸಿದ ಡಬ್ಬಿ. ಅರ್ಜಿಯಲ್ಲಿ ಬೇಕಾಗುವ ಸಲಕರಣೆಗಳು ಎಂಬ ಕಡೆ ಈ ಸಲ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ಹಿತ್ತಾಳೆ ಸೀಟಿ, ಒಂದು. ಕಲಿಸಿದವರು ಯಾರು ಎಂಬುದನ್ನೂ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಆ ಡಬ್ಬಿಯನ್ನು ಪರೀಕ್ಷಿಸಲು ಬೀದಿಗಿಳಿದವಳು, ಕೊನೆಗೂ ಉಸಿರು ತುಂಬಿಕೊಂಡು ಊದಿದೆ. ಮೂರು ಚುಟುಕು. ನಲ್ಲಿಗಳು ಒಂದೊಂದಾಗಿ ನಿಂತವು. ಎದುರುಮನೆ ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಲಗುಬಗೆಯಿಂದ ಗೇಟಿಗೆ ಬಂದರು. ರಸ್ತೆಯ ಆ ತುದಿಯವರೆಗೂ ನೋಡಿ, ಆಮೇಲೆ ನನ್ನತ್ತ ತಿರುಗಿದರು.

“ಒಂದ್ ಗಳಿಗೆ ಅವ್ನೇ ಬಂದ ಅಂದ್ಕೊಂಡ್ಬಿಟ್ಟೆ ಕಣೆ.”

ನಾನೂ ರಸ್ತೆಯ ಆ ತುದಿಯನ್ನೇ ನೋಡುತ್ತಿದ್ದೆ. ಕೈಯಲ್ಲಿದ್ದ ಡಬ್ಬಿಯ ಕೆಂಪು ದೀಪ ಹೊತ್ತಿದ್ದು ನನಗೆ ತಿಳಿಯಲೇ ಇಲ್ಲ.