ಯಾವ ಗಿಡದಿಂದ ಬಿದ್ದಿ?

ಎದುರುಮನೆ ಕಾಕಾನ ಅಂಗೈ ಮುಟ್ಟಿದರೆ ಹಳೇ ಟೈರ್ ಮುಟ್ಟಿದಂತಿರುತ್ತಿತ್ತು. ಗಾಲಿಕುರ್ಚಿ ತಿರುಗಿಸಿ ತಿರುಗಿಸಿ ಜಡ್ಡುಗಟ್ಟಿದ ಕೈ. ಅದೇ ಕೈಯಿಂದ ಹೊಸಪೇಟೆಯ ನಮ್ಮ ಓಣಿಯಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಾ, ಹೋಗಿಬರುವವರನ್ನೆಲ್ಲ ಕಾಡಿಸುತ್ತಾ ಕೂತಿರುತ್ತಿದ್ದ.

ಹರೆಯದಲ್ಲಿ ಮಲಪನಗುಡಿ ಹತ್ತಿರ ಹುಣಸೆಹಣ್ಣು ಬಡಿಯಲು ಗಿಡ ಹತ್ತಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಅವನ ಕಾಲಿನ ಸ್ವಾಧೀನ ಹೋಗಿತ್ತು. ಅಂದಿನಿಂದ ಗಾಲಿಕುರ್ಚಿಯಲ್ಲಿ ಯಾರನ್ನು ಕಂಡರೂ ಒಂದೇ ಪ್ರಶ್ನೆ: "ಯಾವ ಗಿಡದಿಂದ ಬಿದ್ದಿ?" ಬೇರೆ ಕಡೆಯಿಂದಲೂ ಬೀಳಬಹುದು ಎಂದರೆ ಒಪ್ಪುವ ಆಸಾಮಿಯಲ್ಲ.

ನಾನು ಬಿದ್ದದ್ದು ಮಾಳಿಗೆಯಿಂದ, ಮೆಣಸಿನಕಾಯಿ ಒಣಹಾಕುವಾಗ. ಆಸ್ಪತ್ರೆಯಿಂದ ಬಂದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಓಣಿಯ ಮಕ್ಕಳಿಗೆ ಹೇಳಿಕೊಡುತ್ತಿದ್ದ ಇಂಗ್ಲಿಷ್ ಟ್ಯೂಷನ್ ನಿಲ್ಲಿಸಿದೆ. ಅವರು ನನ್ನನ್ನು ಗಾಲಿಕುರ್ಚಿಯಲ್ಲಿ ನೋಡುವುದು ಬೇಡವೇ ಬೇಡ ಅನ್ನಿಸಿತ್ತು. ಕಾಕಾ ದಿನಾ ಬಾಗಿಲಿಗೆ ಬಂದು ಕೂಗುತ್ತಿದ್ದ: "ಮಾಳಿಗಿನೂ ಒಂದು ಗಿಡಾನ ತಗೋ! ಏಳವ್ವಾ, ಹಂಪಿಗಿ ಹೋಗೂಣು." ಅವನ ಕಾಟ ತಾಳಲಾರದೆ ಒಂದು ದಿನ ಇಬ್ಬರೂ ಆಟೋ ಹತ್ತಿದೆವು.

ವಿರೂಪಾಕ್ಷ ಗುಡಿಯ ಮುಂದೆ ಗಾಲಿಕುರ್ಚಿಯಲ್ಲಿ ಒಬ್ಬ ವಿದೇಶಿ ಅಜ್ಜಿ. ಕಾಕಾನ ಮುಖ ಅರಳಿತು. "ಕೇಳವ್ವಾ, ಯಾವ ಗಿಡ ಅಂತ!"

ಅಯ್ಯೋ ದೇವರೇ! ನಾಚಿಕೊಂಡೇ ಇಂಗ್ಲಿಷಿನಲ್ಲಿ ಕೇಳಿದೆ. ಬಿದ್ದ ಮೇಲೆ ಹೊರಗಿನವರ ಜೊತೆ ನಾನಾಡಿದ ಮೊದಲ ಮಾತು ಅದು. ಅಜ್ಜಿ ಗಹಗಹಿಸಿ ನಕ್ಕಳು. ಗಿಡವಲ್ಲ, ಮನೆಯ ಬಚ್ಚಲಲ್ಲಿ ಜಾರಿದ್ದಂತೆ. ತನ್ನ ಜೊತೆ ಆಸ್ಪತ್ರೆಯಲ್ಲಿದ್ದವರೂ ಹೆಚ್ಚಾಗಿ ಹಾಗೆ ಬಿದ್ದ ಮುದುಕರೇ ಅಂದಳು.

ಕನ್ನಡದಲ್ಲಿ ಹೇಳಿದರೆ ಕಾಕಾನಿಗೆ ನಂಬಿಕೆಯಾಗಲಿಲ್ಲ. "ನೆಲದ ಮ್ಯಾಲ ನಿಂತಾ? ನಮ್ಮಲ್ಲಿ ನೋಡು, ಸಂಡೂರಾಗ ಅದಿರಿನ ಲಾರಿ ಮ್ಯಾಲಿಂದ, ಕಂಪ್ಲ್ಯಾಗ ಭತ್ತದ ಚೀಲದ ಕೆಳಗ... ಎಲ್ಲಾ ದುಡಿಯೋ ವಯಸ್ಸಿನವ್ರು." ಆಮೇಲೆ ನನ್ನ ಕಡೆ ತಿರುಗಿದ. "ಆ ಮುದುಕಿ ಸಮುದ್ರ ದಾಟಿ ಬಂದಾಳ, ನೀ ಹೊಸ್ತಿಲ ದಾಟವಲ್ಲಿ! ನಾಳಿಂದ ಹುಡುಗರನ್ನ ಕರಿ."

ಕರೆದೆ. ನನ್ನ ಕುರ್ಚಿ ತಳ್ಳಲು ಮಕ್ಕಳು ಜಗಳಾಡಿದರು. ಎದುರಿನ ಅಂಗಡಿಯಲ್ಲಿ ಕಾಕಾ ಪಂಪು ಹೊಡೆಯುವುದನ್ನೇ ಬಿಟ್ಟು ನಗುತ್ತಿದ್ದ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಅವನಿಲ್ಲದ ಓಣಿ ಸಪ್ಪೆ. ಮೊನ್ನೆ ಕಂಪ್ಲಿಯಲ್ಲಿ, ಭತ್ತದ ಚೀಲ ಬೆನ್ನ ಮೇಲೆ ಬಿದ್ದ ಹಮಾಲನೊಬ್ಬನನ್ನು ನೋಡಲು ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದ.

"ಯಾವ ಗಿಡದಿಂದ ಬಿದ್ದ್ಯಪ್ಪಾ?" ಅಂದೆ.

"ಗಿಡ ಎಲ್ಲೀದ್ರೀ ಅಕ್ಕಾ, ಚೀಲ ಬಿತ್ತು," ಅನ್ನುತ್ತಾ ಮುಖ ಈ ಕಡೆ ಹೊರಳಿಸಿದ. ನನ್ನ ಕುರ್ಚಿ ಕಂಡಿತು. "ನೀವು?"

"ನಾನು ಮಾಳಿಗಿ ಗಿಡದಿಂದಪ್ಪಾ," ಅಂದೆ. ಅವನು ನಕ್ಕುಬಿಟ್ಟ.